ಮಂಚಮ್ಮನ ಹಿತ್ತಲಿನ ಬುಗ್ಗೆ

ನಮ್ಮೂರಿನಲ್ಲಿ ನನ್ನನ್ನು ಬಾಟ್ಲಿ ಚೆಲುವಮ್ಮ ಅನ್ನುತ್ತಾರೆ. ಪರ ಊರಿನವರು ಕೇಳಿದರೆ ಏನೇನೋ ಅಂದುಕೊಳ್ಳುತ್ತಾರೆ, ಅಂದುಕೊಳ್ಳಲಿ ಬಿಡಿ. ನಾನು ಪುರಸಭೆಯ ಕಡೆಯಿಂದ ಬೆಟ್ಟದ ಬುಗ್ಗೆಗಳ ನೀರು ಪರೀಕ್ಷೆ ಮಾಡುವವಳು. ಹೆಗಲಿಗೊಂದು ಚೀಲ, ಚೀಲದೊಳಗೆ ಬೆರಳುದ್ದದ ಗಾಜಿನ ಬಾಟ್ಲಿಗಳು, ಬಣ್ಣ ಹೋಲಿಸಿ ನೋಡುವ ಪಟ್ಟಿ, ಎಲೆಅಡಿಕೆಯ ಸಂಚಿ. ಬುಗ್ಗೆಯ ಬಾಯಿಗೆ ಬಾಟ್ಲಿ ಹಿಡಿದು ಗೆರೆಯವರೆಗೆ ನೀರು ತುಂಬಿಕೊಳ್ಳುತ್ತೇನೆ. ಮುಚ್ಚಳ ಬಿಗಿದು, ಮನೆಗೆ ತಂದು, ರಾಗಿ ತುಂಬಿದ ವಾಡೆಯೊಳಗೆ ಬೆಚ್ಚಗೆ ಹುದುಗಿಸಿಡುತ್ತೇನೆ. ಬಾಟ್ಲಿಯ ಒಳಗೆ ಮೊದಲೇ ಏನೋ ಮದ್ದು ಹಾಕಿ ಕೊಟ್ಟಿರುತ್ತಾರೆ. ಎರಡು ದಿನ ಕಳೆದರೂ ಬಣ್ಣ ತಿರುಗದಿದ್ದರೆ ಆ ನೀರು ಕುಡಿಯಬಹುದು. ಕಪ್ಪಾದರೆ ಹೊಲಸು ಸೇರಿದೆ ಎಂದು ಅರ್ಥ. ಇಷ್ಟೇ ನನ್ನ ವಿದ್ಯೆ. ಕಷ್ಟ ಇರುವುದು ಪರೀಕ್ಷೆಯಲ್ಲಿ ಅಲ್ಲ, ಆಮೇಲೆ ಬಾಯಿಬಿಟ್ಟು ಹೇಳುವುದರಲ್ಲಿ.

ಯಾಕೆಂದರೆ ನಮ್ಮೂರ ನೀರಿಗೆ ಕಿವಿ ಇದೆ. ನೀರಿನ ಮುಂದೆ ಕೆಟ್ಟ ಮಾತು ಆಡಿದರೆ ಬುಗ್ಗೆ ಮುನಿದು ಎದ್ದು ಹೋಗುತ್ತದೆ. ಹೋಗಿ ಎಲ್ಲಿ ಏಳುತ್ತದೆಂದು ಹೇಳಲು ಬರುವುದಿಲ್ಲ. ಕೊಡದಲ್ಲಿ ತುಂಬಿಟ್ಟ ನೀರಿಗೂ ಕಿವಿ, ನನ್ನ ಬಾಟ್ಲಿಯ ನೀರಿಗೂ ಕಿವಿ. ನನಗಿಂತ ಮುಂಚೆ ಈ ಕೆಲಸದಲ್ಲಿದ್ದ ನರಸೇಗೌಡರು ಒಮ್ಮೆ ಕಪ್ಪಾದ ಬಾಟ್ಲಿಯನ್ನು ನೋಡಿ, ತಮ್ಮ ಮನೆಯ ಜಗಲಿಯಲ್ಲೇ ಕೂತು, "ಥೂ, ಎಂಥ ಗಲೀಜಪ್ಪ ಇದು" ಅಂದುಬಿಟ್ಟರು. ಅಷ್ಟೇ. ಬೆಟ್ಟದ ನೆತ್ತಿಯಲ್ಲಿದ್ದ ಬುಗ್ಗೆ ಆಗಿಂದಾಗಲೇ ಬತ್ತಿ, ಮಾರನೆಯ ದಿನ ಪೊಲೀಸ್ ಠಾಣೆಯ ಲಾಕಪ್ಪಿನೊಳಗೆ ಎದ್ದಿತ್ತು. ಈಗಲೂ ಅಲ್ಲೇ ಇದೆ. ಆ ಬೀದಿಯ ಹೆಂಗಸರು ಬೆಳಗಾದರೆ ಕೊಡ ಹಿಡಿದು ಠಾಣೆಗೆ ಹೋಗುತ್ತಾರೆ. ಪೊಲೀಸರು ಕಳ್ಳನನ್ನು ಹಿಡಿದು ತಂದರೂ, "ಬನ್ನಿ ಸ್ವಾಮಿ, ಕೂತ್ಕೊಳಿ, ಸರ ಎಲ್ಲಿಟ್ರಿ?" ಎಂದು ಮೆಲ್ಲಗೆ ವಿಚಾರಿಸುತ್ತಾರೆ.

ಹಾಗಾಗಿ ಬಾಟ್ಲಿ ಕಪ್ಪಾದರೂ ನಾನು ಹುಬ್ಬು ಗಂಟಿಕ್ಕುವುದಿಲ್ಲ. ಆ ಕೇರಿಗೆ ಹೋಗಿ, "ಯಾಕೋ ಚಳಿ ಬಿದ್ದಂಗದೆ ಕಣ್ರವ್ವ, ಬಿಸಿನೀರು ಕುಡೀರಿ" ಅನ್ನುತ್ತೇನೆ. ನೆತ್ತಿ ಸುಡುವ ಬೇಸಿಗೆಯಲ್ಲಿ ಚೆಲುವಮ್ಮ ಚಳಿ ಅಂದಳು ಎಂದರೆ ಸಾಕು, ಎಲ್ಲರಿಗೂ ಗೊತ್ತಾಗುತ್ತದೆ. ಮಾತಿಲ್ಲದೆ ಒಲೆ ಹಚ್ಚಿ ನೀರು ಕುದಿಸಲು ಇಡುತ್ತಾರೆ. ಬಿಡಿಸಿ ಹೇಳಬೇಕಾದ್ದನ್ನು ನಾನು ಉಪ್ಪಿನ ಮನೆಯಲ್ಲಿ ಹೇಳುತ್ತೇನೆ.

ಉಪ್ಪಿನ ಮನೆ ಎಂದರೆ ಸಂತೆಬೀದಿಯ ಕೊನೆಯಲ್ಲಿರುವ ಸಾಬ್‌ಜಾನ್ ಸಾಹೇಬರ ಉಗ್ರಾಣ. ಸೂರಿನ ತನಕ ಉಪ್ಪಿನ ಮೂಟೆಗಳು. ಅಲ್ಲಿ ಆಡಿದ ಮಾತು ಮಾತ್ರ ನೀರಿಗೆ ಕೇಳಿಸುವುದಿಲ್ಲ. ಯಾಕೆ ಎಂದು ನನ್ನನ್ನು ಕೇಳಬೇಡಿ, ನಾನು ಬಾಟ್ಲಿಯವಳು. ಊರಿನ ಜಗಳ, ಬೈಗುಳ, ಅಳು, ಅಣ್ಣತಮ್ಮಂದಿರ ಪಾಲಿನ ಪಂಚಾಯ್ತಿ ಎಲ್ಲ ಅಲ್ಲೇ. ಊಟದ ಮಧ್ಯೆ ಗಂಡಹೆಂಡಿರಿಗೆ ಸಿಟ್ಟು ಬಂದರೆ ಕೈ ತೊಳೆದು, "ನಡಿ ಉಪ್ಪಿನ ಮನೆಗೆ" ಎಂದು ಹೊರಡುತ್ತಾರೆ. ದಾರಿಯಲ್ಲಿ ಅರ್ಧ ಸಿಟ್ಟು ಇಳಿದಿರುತ್ತದೆ, ಮಿಕ್ಕರ್ಧ ಮೂಟೆಗಳ ನಡುವೆ ಇಳಿಯುತ್ತದೆ. ಸಾಹೇಬರು ಕಿವಿಗೆ ಹತ್ತಿ ತುರುಕಿಕೊಂಡು ಬಾಗಿಲಲ್ಲಿ ಕೂತಿರುತ್ತಾರೆ. ಅವರದು ಒಂದೇ ಕಟ್ಟಳೆ: ಜಗಳ ಮುಗಿದ ಮೇಲೆ ಪಾವು ಉಪ್ಪು ಕೊಂಡೇ ಹೋಗಬೇಕು. ಅದಕ್ಕೇ ನಮ್ಮೂರಿಗೆ ಹೆಣ್ಣು ಕೊಡಲು ಬಂದವರು ಗಂಡಿನ ಹೊಲ ನೋಡುವುದಕ್ಕಿಂತ ಮುಂಚೆ ಅಡುಗೆಮನೆಗೆ ಹೋಗಿ ಉಪ್ಪಿನ ಜಾಡಿಯೊಳಗೆ ಬಗ್ಗಿ ನೋಡುತ್ತಾರೆ.

ಮಂಚಮ್ಮನ ಮನೆಯಲ್ಲಿ ಉಪ್ಪಿಗೆ ಜಾಡಿ ಸಾಲದೆ ಗುಡಾಣ ಇಟ್ಟಿದ್ದರು. ಪುರಿ ಭಟ್ಟಿ ನಡೆಸುವವಳು ಅವಳು. ಕಾದ ಮರಳಿನ ಮೇಲೆ ಅಕ್ಕಿ ಸಿಡಿದ ಹಾಗೆ ಅವಳ ಬಾಯಲ್ಲಿ ಬೈಗುಳ ಸಿಡಿಯುತ್ತಿತ್ತು. ಕೆಟ್ಟವಳಲ್ಲ, ಖಂಡಿತ ಕೆಟ್ಟವಳಲ್ಲ. ನಾನು ಬಾಣಂತಿಯಾಗಿದ್ದಾಗ ಮಳೆಯಲ್ಲಿ ನೆನೆದುಕೊಂಡು ಕಷಾಯ ತಂದುಕೊಟ್ಟವಳು ಅವಳೇ. ನಾನು ಎದ್ದು ಓಡಾಡುವಂತಾದದ್ದೇ ಉಪ್ಪಿನ ಮನೆಗೆ ಕರೆದೊಯ್ದು ನನ್ನ ಏಳು ತಲೆಮಾರಿಗೂ ಮಂಗಳಾರತಿ ಎತ್ತಿದಳು, ಅದು ಬೇರೆ ಮಾತು. ಆದರೆ ನನ್ನ ಹಾಗೆ ಎಲ್ಲರದ್ದೂ ದಪ್ಪ ಚರ್ಮ ಅಲ್ಲವಲ್ಲ. ಅವಳ ಮಗ ಬೋರಲಿಂಗ ಮದುವೆಯಾಗಿ ಕರೆತಂದ ಪಾರಿಜಾತ ತಾಯಿಯಿಲ್ಲದೆ ಬೆಳೆದ ಹುಡುಗಿ, ಮೆತ್ತನೆಯವಳು. ಮುದ್ದೆ ಗಂಟಾದರೆ ಬೈಗುಳ, ರಂಗೋಲಿ ಸೊಟ್ಟಗಾದರೆ ಬೈಗುಳ, ಸುಮ್ಮನಿದ್ದರೆ "ಮೂಗಿನಾ ನೀನು?" ಎಂದು ಬೈಗುಳ. ಅತ್ತೆ ದಿನಕ್ಕೆರಡು ಸಲ ಸೊಸೆಯ ಕೈ ಹಿಡಿದು ಉಪ್ಪಿನ ಮನೆಗೆ ಎಳೆದುಕೊಂಡು ಹೋಗುವುದನ್ನು ಊರೇ ನೋಡುತ್ತಿತ್ತು. ವರ್ಷ ತುಂಬುವುದರೊಳಗೆ ಗಂಡಹೆಂಡಿರು ಕೆಳಗಿನ ಕೇರಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಹೊರಟುಹೋದರು. ಮಂಚಮ್ಮ ಅಂದು ಭಟ್ಟಿ ಹಚ್ಚಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ಮೇಲುಕೇರಿಯ ಅಣ್ಣತಮ್ಮಂದಿರಿಬ್ಬರು ಯಾರ ಎಮ್ಮೆ ಮೊದಲು ಕುಡಿಯಬೇಕು ಎಂದು ಬುಗ್ಗೆಯ ಮುಂದೆಯೇ ಕೈಕೈ ಮಿಲಾಯಿಸಿದರು. ಬುಗ್ಗೆ ಹೋಯಿತು. ಊರವರು ಅಲ್ಲಲ್ಲಿ ನೆಲಕ್ಕೆ ಕಿವಿ ಹಚ್ಚಿ ಹುಡುಕಿದರು. ಎಲ್ಲೂ ಸದ್ದಿಲ್ಲ. ಒಂದು ಬೆಳಿಗ್ಗೆ ಮಂಚಮ್ಮ ಕೆದರಿದ ತಲೆಯಲ್ಲೇ ಓಡಿಬಂದು ನನ್ನ ಬಾಗಿಲು ಬಡಿದಳು.

"ಚೆಲುವಿ, ನನ್ನ ಹಿತ್ತಲಲ್ಲಿ ಒರಳುಕಲ್ಲು ವಾಲ್ಕೊಂಡದೆ ಕಣೆ. ಅದರ ಬುಡದಲ್ಲಿ ನೀರು ಉಕ್ತಾ ಅದೆ. ಅದಕ್ಕೆ ಇಡೀ ಊರಲ್ಲಿ ಬೇರೆ ಜಾಗ ಸಿಗ್ಲಿಲ್ವ? ನನ್ನ ಬಾಯಿ ಎಂಥದು ಅಂತ ಗೊತ್ತಿಲ್ವ ಅದಕ್ಕೆ?"

ಊರೆಲ್ಲ ನಕ್ಕಿತು. ಸಾಯಂಕಾಲದೊಳಗೆ ಎದ್ದು ಹೋಗುತ್ತದೆ ಬಿಡಿ ಅಂದರು. ಹೋಗಲಿಲ್ಲ. ಮಂಚಮ್ಮ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಓಡಾಡಿದಳು. ಸಿಟ್ಟು ಬಂದಾಗೆಲ್ಲ ಕಚ್ಚಿ ಕಚ್ಚಿ ಅವಳ ಸೀರೆಗಳ ಸೆರಗೆಲ್ಲ ತೂತು. ಮಧ್ಯಾಹ್ನ ಪುರಿ ಮಾರಿ ಮುಗಿದ ಮೇಲೆ ಒಬ್ಬಳೇ ಉಪ್ಪಿನ ಮನೆಗೆ ಹೋಗಿ, ಅಂದಿನ ಬೈಗುಳವನ್ನೆಲ್ಲ ಮೂಟೆಗಳ ಮುಂದೆ ಇಳಿಸಿ ಬರುತ್ತಿದ್ದಳು. ಒಂದೊಂದು ಮೂಟೆಗೆ ಒಬ್ಬೊಬ್ಬರ ಹೆಸರು. ಅಂಗಡಿಯವನದೊಂದು, ಅಕ್ಕಿ ತರುವ ಗಾಡಿಯವನದೊಂದು, ನನ್ನ ಹೆಸರಿನದೂ ಒಂದಿತ್ತು. ಬಾಗಿಲ ಬಳಿಯದು, ಸ್ವಲ್ಪ ಹರಿದದ್ದು.

ಹಿತ್ತಲಲ್ಲಿ ನೀರು ಎದ್ದ ಮೇಲೆ ಕೇರಿಯೆಲ್ಲ ಅವಳ ಮನೆಗೆ ಬರಬೇಕಾಯಿತು. ಮೊದಲು ಹೆದರಿ ಹೆದರಿ ಬಂದರು. ಮಂಚಮ್ಮ, "ಬನ್ರವ್ವ, ತುಂಬ್ಕೊಳಿ, ಎಡವೀರಿ ಜೋಪಾನ" ಅನ್ನುತ್ತಿದ್ದಳು. ಕೆಳಗಿನ ಕೇರಿಯ ಸರದಿ ಬಂದಾಗ ಪಾರಿಜಾತಳೂ ಕೊಡ ಹಿಡಿದು ಬಂದು ಬೇಲಿಯ ಆಚೆ ನಿಂತಳು. "ಬಾ ಪಾರಿ, ಬಿಸಿಲಲ್ಲಿ ಯಾಕೆ ನಿಂತ್ಕೊಂಡೆ" ಅಂದಳು ಮಂಚಮ್ಮ. ಹುಡುಗಿ ಹಿಂದೆ ತಿರುಗಿ ನೋಡಿತು, ಇನ್ನಾರೋ ಪಾರಿ ಇರಬೇಕು ಎಂದು. ಹೀಗೆ ಬಂದು ಹೋಗಿ, ಬಂದು ಹೋಗಿ, ಕೊಡ ತುಂಬುವಷ್ಟು ಹೊತ್ತು ನಿಲ್ಲುತ್ತಿದ್ದವಳು ಪುರಿ ತಿನ್ನುವಷ್ಟು ಹೊತ್ತು ಕೂರುವಂತಾಗಿ, ಬುಗ್ಗೆ ಬಂದು ಮೂರನೆಯ ವರ್ಷಕ್ಕೆ ಗಂಡನನ್ನು ಕರೆದುಕೊಂಡು ಗಂಟುಮೂಟೆ ಸಮೇತ ವಾಪಸ್ಸು ಬಂದಳು. ಈ ಬೇಸಿಗೆಗೆ ಅವಳಿಗೆ ಏಳು ತಿಂಗಳು. "ಬಾಣಂತನ ನಾನೇ ಮಾಡ್ತೀನಿ, ಯಾವ ತೌರುಮನೆಯೋರೂ ಹಂಗೆ ಮಾಡಿರಬಾರದು" ಎಂದು ಮಂಚಮ್ಮ ಕಂಡಕಂಡವರಿಗೆ ಹೇಳಿಕೊಂಡು ತಿರುಗುತ್ತಿದ್ದಳು. ಅವಳನ್ನು ನೋಡಿದರೆ ನನಗೂ ಹೊಟ್ಟೆ ತಂಪಾಗುತ್ತಿತ್ತು.

ಹೀಗಿರುವಾಗ ಅವಳ ಬುಗ್ಗೆಯ ಬಾಟ್ಲಿ ಕಪ್ಪಾಯಿತು. ಸುಮ್ಮನೆ ಕಪ್ಪಲ್ಲ, ಹಂಚಿನ ತಳದ ಮಸಿ. ವಾಡೆಯಿಂದ ತೆಗೆದು ಬೆಳಕಿಗೆ ಹಿಡಿದೆ. ಬಾಯಿಗೆ ಬಂದ ಮಾತನ್ನು ನುಂಗಿಕೊಂಡು, "ಲಕ್ಷಣವಾಗಿದ್ದೀಯಪ್ಪ" ಎಂದು ಬಾಟ್ಲಿಗೆ ಹೇಳಿ, ಅದನ್ನು ಅಲ್ಲೇ ಮುಚ್ಚಿಟ್ಟು ಮಂಚಮ್ಮನ ಮನೆಗೆ ಹೆಚ್ಚುಕಡಿಮೆ ಓಡಿದೆ.

ಪಾರಿಜಾತ ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿದ್ದಳು. ನಾಲ್ಕಾರು ದಿನದಿಂದ ಭೇದಿಯಂತೆ. ತುಟಿ ಒಣಗಿ, ಕಣ್ಣು ಗುಳಿ ಬಿದ್ದಿತ್ತು. ಮಂಚಮ್ಮ ಪಕ್ಕದಲ್ಲಿ ಕೂತು, ತಣ್ಣೀರು ಬೆರೆಸಿ ಆರಿಸಿದ ಗಂಜಿಯನ್ನು ಗುಟುಕು ಗುಟುಕಾಗಿ ಕುಡಿಸುತ್ತಿದ್ದಳು. ಆ ತಣ್ಣೀರು ಎಲ್ಲಿಯದೆಂದು ಕೇಳಬೇಕೆ?

"ಯಾಕೋ ಚಳಿ ಬಿದ್ದಂಗದೆ ಮಂಚಕ್ಕ" ಅಂದೆ.

ಅವಳ ಕೈ ನಿಂತಿತು. "ಎಷ್ಟು ಚಳಿ?"

"ಬಾಳ ಚಳಿ ಕಣಕ್ಕ. ನಾನು ಇಷ್ಟು ಚಳಿ ಕಂಡೇ ಇಲ್ಲ."

ಅವಳು ಗಂಜಿಯನ್ನು ಹೊರಗೆ ಚೆಲ್ಲಿ, ಒಲೆಯ ಮೇಲೆ ದೊಡ್ಡ ತಪ್ಪಲೆಯಲ್ಲಿ ನೀರಿಟ್ಟಳು. ಬೋರಲಿಂಗ ಆಟೋ ಕರೆತಂದು ಹೆಂಡತಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ. ಅವಳಿಗೆ ಡ್ರಿಪ್ ಹಾಕಿದರು. ಮಗು ಗಟ್ಟಿಯಾಗಿದೆ, ತಾಯಿಗೆ ಮಾತ್ರ ಶುದ್ಧ ನೀರು ಕೊಡಿ ಎಂದು ಡಾಕ್ಟರಮ್ಮ ಒತ್ತಿ ಹೇಳಿದರಂತೆ. ಕೇರಿಯಲ್ಲಿ ಇನ್ನೂ ಕೆಲವು ಮಕ್ಕಳಿಗೆ ಹೊಟ್ಟೆ ಕೆಟ್ಟಿತ್ತು. ನಾನು ಮನೆಮನೆಗೆ ಹೋಗಿ ಚಳಿಯ ಸುದ್ದಿ ಹೇಳಿ, ಮತ್ತೆ ಮಂಚಮ್ಮನ ಹಿತ್ತಲಿಗೆ ಬಂದೆ.

ಹಿತ್ತಲು ಗುಡಿಸಿ ಸಾರಿಸಿ ಇಟ್ಟಿತ್ತು. ಹಿತ್ತಲಿನ ಮೇಲ್ಗಡೆ ಕೊಟ್ಟಿಗೆಯಿಲ್ಲ, ಕಕ್ಕಸು ಗುಂಡಿಯಿಲ್ಲ, ಕೊಚ್ಚೆ ಹರಿದು ಬರುವ ದಾರಿಯೂ ಇಲ್ಲ. ಮತ್ತೆ ಹೊಲಸು ಎಲ್ಲಿಂದ ಬಂತು? ತಲೆ ಕೆರೆದುಕೊಂಡು ಕೂತೆ. ಆಗ ಕಣ್ಣಿಗೆ ಬಿದ್ದದ್ದು ಇರುವೆ. ಗೋಡೆಯ ಬುಡದಿಂದ ಹೊರಟ ಸಾಲು ಒರಳುಕಲ್ಲನ್ನು ಸುತ್ತಿ, ನೀರೇಳುವ ಕಡೆಯ ಕಲ್ಲಿನ ಸಂದಿಗೆ ನುಗ್ಗುತ್ತಿತ್ತು. ಅದರ ಪಕ್ಕದಲ್ಲೇ ಮಣ್ಣು ಕೆದರಿದ ಒಂದು ಬಿಲ. "ಮಂಚಕ್ಕ, ಉಪ್ಪು ಮುಗಿದದೆ, ಬತ್ತೀಯ?" ಅಂದೆ.

ಸಾಹೇಬರು ನಮ್ಮಿಬ್ಬರನ್ನೂ ನೋಡಿ ಹತ್ತಿಯನ್ನು ಇನ್ನಷ್ಟು ಒಳಕ್ಕೆ ಒತ್ತಿಕೊಂಡರು. ಒಳಗೆ ಹೋಗಿ ನನ್ನ ಹೆಸರಿನ ಮೂಟೆಯ ಮೇಲೆ ಕೂತೆ.

"ನೀರು ಕೆಟ್ಟದೆ ಮಂಚಕ್ಕ. ಬಾಟ್ಲಿ ಮಸಿ ಆಗದೆ."

"ಯಾರು ಕೆಡಿಸಿದೋರು? ಹೇಳು. ಅವನ ಕೈ ಸೇದೋಗ, ಅವನ ಬಾಯಿಗೆ ಮಣ್ಣಾಕ..."

"ಇರುವೆ ಸಾಲು ಕಲ್ಲಿನ ಸಂದಿಗೆ ಹೋಗ್ತಾ ಅದೆ. ಇರುವೆಗೆ ನೀರಲ್ಲಿ ಏನಕ್ಕ ಕೆಲಸ?"

ಮಂಚಮ್ಮನ ಬಾಯಿ ತೆರೆದದ್ದು ತೆರೆದ ಹಾಗೇ ನಿಂತಿತು. ಆ ಉಗ್ರಾಣದಲ್ಲಿ ಅವಳು ಮಾತಿಲ್ಲದೆ ನಿಂತದ್ದನ್ನು ನಾನು ಅದೇ ಮೊದಲು ಕಂಡದ್ದು. ಮೆಲ್ಲಗೆ ನೆಲಕ್ಕೆ ಕುಸಿದು ಕೂತಳು.

"ನಾನು ನಿದ್ದೆಲಿ ಬೈತೀನಂತೆ ಕಣೆ ಚೆಲುವಿ. ಮೊದಲಿಂದ್ಲೂ ಅಂತೆ, ಬೋರ ಮನೆ ಬಿಡೋ ಮುಂಚೇನೇ ಹೇಳಿದ್ದ. ಹಗಲೆಲ್ಲ ನಾಲಿಗೆ ಕಚ್ಕೊಂಡಿರ್ತೀನಿ, ಕಣ್ಣು ಮುಚ್ಚಿದ್ ಮ್ಯಾಲೆ ನಾನೇನ್ ಮಾಡ್ಲಿ? ಅದಕ್ಕೇ ಬೆಳಿಗ್ಗೆ ಎದ್ದೇಟಿಗೆ ಒಂದು ಉಂಡೆ ಬೆಲ್ಲ, ಒಂಚೂರು ಹಾಲು ಬುಗ್ಗೆ ಬಾಯಿಗಿಡ್ತೀನಿ. ತಪ್ಪಾಯ್ತು ಕಣವ್ವ, ನಿದ್ದೆಗಣ್ಣಲ್ಲಿ ಅಂದಿದ್ದು, ಮನಸಿಗೆ ಹಾಕ್ಕೋಬ್ಯಾಡ ಅಂತೀನಿ. ಯಾರೂ ತೆಗೀಬಾರದು ಅಂತ ಸಂದಿಗೆ ತಳ್ತೀನಿ."

"ದಿನಾನಾ?"

"ಬಂದ ದಿನದಿಂದ್ಲೂ."

ಬಾಗಿಲಲ್ಲಿ ಕೂತಿದ್ದ ಸಾಹೇಬರು ಒಂದು ಕಿವಿಯ ಹತ್ತಿ ತೆಗೆದರು. "ಬೆಲ್ಲಕ್ಕೆ ಇಲಿ ಬರ್ತದಮ್ಮ. ಅದಕ್ಕೇ ನಮ್ಮಪ್ಪ ಬೆಲ್ಲದ ವ್ಯಾಪಾರ ಬಿಟ್ಟು ಉಪ್ಪಿಗೆ ಇಳಿದಿದ್ದು" ಎಂದು ಹೇಳಿ ಮತ್ತೆ ಹತ್ತಿ ಇಟ್ಟುಕೊಂಡರು. ಆ ಹತ್ತಿಯ ಬಗ್ಗೆ ನನಗೆ ಯಾವತ್ತೂ ನಂಬಿಕೆ ಇರಲಿಲ್ಲ.

"ಕಲ್ಲೆಲ್ಲ ಎತ್ತಿ ತೊಳೀಬೇಕು ಮಂಚಕ್ಕ. ಒಳಗೆ ಏನೇನು ಕೊಳೆತು ಕೂತದೋ, ಎಲ್ಲ ತೆಗೀಬೇಕು."

"ತೊಳೀತೀನಿ ಅಂದ್ರೆ ನೀನು ಹೊಲಸು ಅಂತ ಮುಖಕ್ಕೆ ಹೇಳಿದಂಗೆ ಅಲ್ವೇನೆ? ಎದ್ದೋಯ್ತದೆ. ಅದು ಹೋದ್ರೆ ನನ್ನ ಬಾಯಿ ಹಿಡಿಯೋರು ಯಾರು? ನನ್ನ ಹಳೇ ಬಾಯಿ ಬಂದ್ರೆ ಪಾರಿ ಹೋಯ್ತಾಳೆ. ನನಗೆ ಗೊತ್ತು, ಅವಳು ನನ್ನ ಮುಖ ನೋಡಿ ಬಂದಿದ್ದಲ್ಲ, ಆ ನೀರು ನೋಡಿ ಬಂದಿದ್ದು." ಸೆರಗಿನಿಂದ ಮೂಗು ಒರೆಸಿಕೊಂಡಳು. ತೂತಿನಿಂದ ಬೆರಳು ಹೊರಗೆ ಬಂತು. "ಕೂಸಿಗೆ ನಾನು ಬಟ್ಲು ಕೂಡ ತಂದಿಟ್ಟಿದೀನಿ ಕಣೆ."

ಏನು ಹೇಳಲಿ? ಸುಳ್ಳು ಸಮಾಧಾನ ಹೇಳುವ ಜಾಗ ಅದಲ್ಲ. ಕಡೆಗೆ ಅವಳೇ ಎದ್ದು ಸೀರೆ ಕೊಡವಿಕೊಂಡಳು.

"ತೊಳಿ. ಹುಡುಗಿ ಚೆನ್ನಾಗಿರ್ಲಿ. ಎಲ್ಲಾದ್ರೂ ಇರ್ಲಿ, ಜೀವ ಗಟ್ಟಿಯಾಗಿರ್ಲಿ" ಅಂದಳು. ಜಗಳ ಆಡಿರದಿದ್ದರೂ ಪಾವು ಉಪ್ಪು ಕೊಂಡಳು.

ನಮ್ಮೂರಿನಲ್ಲಿ ಬುಗ್ಗೆ ತೊಳೆಯುವುದಕ್ಕೆ ತೊಳೆಯುವುದು ಅನ್ನುವುದಿಲ್ಲ. ತಲೆಗೆರೆಯುವುದು ಅನ್ನುತ್ತೇವೆ. ಹಬ್ಬದ ದಿನ ಹೆಣ್ಣುಮಗಳಿಗೆ ಎಣ್ಣೆ ಹಚ್ಚಿ ನೀರು ಹಾಕುವ ಹಾಗೆ, ಸುತ್ತ ಕೂತು ಹಾಡು ಹೇಳುತ್ತ ಮಾಡಬೇಕು. ಒಳಗಿನ ರಾಡಿಗೆ ಎಣ್ಣೆಜಿಡ್ಡು ಅನ್ನಬೇಕು, ಬ್ಲೀಚಿಂಗ್ ಪೌಡರಿಗೆ ಸೀಗೆಪುಡಿ ಅನ್ನಬೇಕು. ಮೂಗು ಮುಚ್ಚಿಕೊಳ್ಳುವಂತಿಲ್ಲ, ಮುಖ ಸಿಂಡರಿಸುವಂತಿಲ್ಲ. ಕೇರಿಯ ಹೆಂಗಸರೆಲ್ಲ ಹಳೇ ಸೀರೆ ಉಟ್ಟು ಬಂದರು. ಬೋರಲಿಂಗ ಹಾರೆ ತಂದ. ಆಸ್ಪತ್ರೆಯಿಂದ ಬಂದಿದ್ದ ಪಾರಿಜಾತ ಒಳಗೆ ಮಲಗು ಎಂದರೂ ಕೇಳದೆ ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಬಂದು ಕೂತಳು.

ಹಾಡು ಶುರುವಾಯಿತು. ಬೋರಲಿಂಗ ಒರಳುಕಲ್ಲನ್ನು ಉರುಳಿಸಿ, ಅದರ ಕೆಳಗಿನ ಕಲ್ಲುಗಳನ್ನು ಒಂದೊಂದಾಗಿ ಮೀಟಿದ. ಎರಡನೆಯ ಕಲ್ಲು ಎದ್ದಾಗ ನಾತ ಬಂತು. ಅಯ್ಯಪ್ಪ, ಅದೆಂಥ ನಾತ! ಕೊಳೆತ ಬೆಲ್ಲ, ಹುಳಿತ ಹಾಲು, ಇಲಿಯ ಹಿಕ್ಕೆ ಎಲ್ಲ ಸೇರಿ ಗಟ್ಟಿಯಾದ ಕರಿ ರಾಡಿ. ನನ್ನ ಕಣ್ಣಲ್ಲಿ ನೀರು ಬಂತು. ಪಕ್ಕದ ಮನೆಯ ಸಣ್ಣಮ್ಮ ಉಸಿರು ಬಿಗಿಹಿಡಿದು, "ಆಹಾ, ಏನು ಘಮ, ಏನು ಘಮ" ಎಂದು ಹಾಡಿನ ಧಾಟಿಯಲ್ಲೇ ಹೇಳಿದಳು. ಮಂಚಮ್ಮ ತಾನೇ ಮಂಡಿಯೂರಿ ಕೂತು, ಮೊಣಕೈವರೆಗೆ ಕೈ ಇಳಿಸಿ ರಾಡಿ ಬಾಚಿ ಬಾಚಿ ಬುಟ್ಟಿಗೆ ಹಾಕುತ್ತಿದ್ದಳು. "ಎಣ್ಣೆ ಜಾಸ್ತಿ ಆಗ್ಬುಟ್ಟದೆ ನನ್ನ ತಾಯಿಗೆ" ಅನ್ನುತ್ತಿದ್ದಳು. ಕಡೆಯ ಕಲ್ಲಿನ ಕೆಳಗೆ ಅವಳ ಕೈಗೆ ಏನೋ ಸಿಕ್ಕಿತು. ಎಳೆದಳು. ಊದಿಕೊಂಡು ಸತ್ತ ಹೆಗ್ಗಣ.

ಹಾಡು ನಿಂತಿತು. ನಾನು ಮಂಚಮ್ಮನ ಮುಖ ನೋಡಿದೆ. ಅವಳ ಗದ್ದ ಅದುರುತ್ತಿತ್ತು. ಅಭ್ಯಾಸಬಲದಿಂದ ಸೆರಗಿಗೆ ಕೈ ಹಾಕಿದಳು, ಕೈಯೆಲ್ಲ ರಾಡಿ, ಬಾಯಿಗೆ ತುರುಕಲು ಆಗಲಿಲ್ಲ. ಮುಗಿಯಿತು ಅಂದುಕೊಂಡೆ.

"ಏನೇ, ಹಾಳಾದೋಳೆ!" ಅಂದಳು ಮಂಚಮ್ಮ, ಬುಗ್ಗೆಯ ಕಡೆ ನೋಡಿ. ಅವಳ ದನಿಗೆ ಬೇಲಿಯ ಮೇಲಿನ ಕಾಗೆ ಹಾರಿಹೋಯಿತು. "ಹೊಟ್ಟೆಲಿ ಹೆಗ್ಗಣ ಇಟ್ಕೊಂಡು ಗುಮ್ಮನಂಗೆ ಕೂತಿದ್ದೀಯಲ್ಲೇ! ಒಂದು ಮಾತು ಅಂದ್ರೆ ಎದ್ದೋಗಕ್ಕೆ ಕಾಲದೆ, ನೋವಾಯ್ತದೆ ಅಂತ ಹೇಳಕ್ಕೆ ಬಾಯಿಲ್ವ ನಿನಗೆ? ನಾನು ದಡ್ಡಿ, ತಿಳೀದೆ ಬೆಲ್ಲ ಇಟ್ಟೆ. ಬ್ಯಾಡ ಅಂತ ನನ್ನ ಮೂತಿ ಮ್ಯಾಲೆ ಉಗಿಯೋದಲ್ವ? ನಿನ್ನ ಭಯಕ್ಕೆ ನಾಲಿಗೆ ಕಚ್ಕೊಂಡು ಬದುಕಿದೀನಲ್ಲೇ ಇಷ್ಟು ದಿನ! ನನ್ನ ಸೊಸೆ ಬಸುರಿ, ಅವಳಿಗೆ ಈ ನೀರು ಕುಡಿಸಿದ್ಯಲ್ಲ, ನಿನ್ನ ಮನೆ ಕಾಯ್ವೋಗ! ಈಗೇನು, ಎದ್ದೋಯ್ತೀಯ? ಹೋಗು! ಹೋಗೋದಾದ್ರೆ ಮೈ ತೊಳ್ಕೊಂಡು ಹೋಗು! ಈ ಗಬ್ಬು ನಾತದಲ್ಲಿ ಇನ್ನೊಬ್ರ ಮನೆ ಹೊಸಲು ತುಳಿದ್ರೆ ಮಂಚಮ್ಮ ಹಿಂಗಾ ಸಾಕಿದ್ದು ಅಂತ ನನ್ನ ಮಾನ ಹೋಯ್ತದೆ!"

ಬುಗ್ಗೆಯ ನೀರು ನಮ್ಮೆಲ್ಲರ ಕಣ್ಣ ಮುಂದೆಯೇ ಇಳಿಯಿತು. ಕಲ್ಲಿನ ಮಟ್ಟದಿಂದ ಮೊಳ ಕೆಳಗೆ, ಇನ್ನೂ ಕೆಳಗೆ, ಕಡೆಗೆ ತಳದ ಮಣ್ಣು ಕಾಣಿಸಿತು. ಸದ್ದೂ ನಿಂತಿತು. ಮಂಚಮ್ಮ ಹೆಗ್ಗಣವನ್ನು ಬುಟ್ಟಿಗೆ ಎಸೆದು, ರಾಡಿಯಲ್ಲೇ ಕಾಲು ಚಾಚಿ ಕೂತುಬಿಟ್ಟಳು.

"ಹೋಯ್ತು ಕಣೆ ಚೆಲುವಿ" ಅಂದಳು. "ನನ್ನ ಬಾಯಿಗಿಷ್ಟು ಬೆಂಕಿ ಹಾಕ." ಮೆಟ್ಟಿಲ ಕಡೆ ತಿರುಗಿ ನೋಡುವ ಧೈರ್ಯ ಅವಳಿಗಾಗಲಿಲ್ಲ. ನಾನು ನೋಡಿದೆ. ಪಾರಿಜಾತ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಎದ್ದು ನಿಂತಿದ್ದಳು.

ಆಗ ನೆಲದೊಳಗೆ ಗೊಳಗೊಳ ಎಂದಿತು. ಯಾರೋ ಗಂಟಲು ಸರಿಮಾಡಿಕೊಂಡಂಥ ಸದ್ದು. ಏನಾಗುತ್ತಿದೆ ಎಂದು ಬಗ್ಗಿ ನೋಡಿದ ಮಂಚಮ್ಮನ ಮುಖಕ್ಕೇ ಬುಗ್ಗೆ ಉಗಿಯಿತು. ಸುಳ್ಳಲ್ಲ, ಸರಿಯಾಗಿ ಮೂತಿಯ ಮೇಲೆ. ಸಂದಿಯಲ್ಲಿ ಉಳಿದಿದ್ದ ಕರಿ ರಾಡಿಯೆಲ್ಲ ಆಳೆತ್ತರ ಚಿಮ್ಮಿ ನಮ್ಮೆಲ್ಲರ ಮೇಲೆ ಬಿತ್ತು. ಹಿಂದೆಯೇ ಕೆಂಪು ನೀರು, ಅದರ ಹಿಂದೆ ಬೂದು ನೀರು, ಆಮೇಲೆ ತಿಳಿಯಾದ ಥಣ್ಣನೆಯ ನೀರು ದಬದಬ ಬಂತು. ಸಣ್ಣಮ್ಮ ಕಿರುಚಿದಳು. ಬೋರಲಿಂಗ ಹಾರೆ ಬಿಟ್ಟು ಬೇಲಿ ಹಾರಿದ. ಮಂಚಮ್ಮ ಎರಡೂ ಕೈಯಲ್ಲಿ ಮುಖ ಒರೆಸಿಕೊಂಡಳು. ಒರೆಸಿದಷ್ಟೂ ಕಪ್ಪಾಯಿತು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದಳು. ನಗುತ್ತ ನಗುತ್ತಲೇ, "ಮುಂಡೇದೆ, ಇಷ್ಟು ದಿನ ಎಲ್ಲಿಟ್ಟಿದ್ದೆ ಈ ಶಕ್ತಿನ?" ಎಂದು ಬೈದಳು. ಬುಗ್ಗೆ ಕದಲಲಿಲ್ಲ. ಕಾಲುವೆಯ ತುಂಬ ಹರಿಯುತ್ತಲೇ ಇತ್ತು.

ಉಳಿದದ್ದು ನನ್ನ ಕೆಲಸ. ಸೀಗೆಪುಡಿ ಹಾಕಿ ಕಲ್ಲುಗಳನ್ನು ಉಜ್ಜಿದೆವು. ಅದರ ವಾಸನೆ ಪೂರ್ತಿ ಹೋಗುವ ತನಕ ನೀರನ್ನು ಹಾಗೇ ಹರಿಯಬಿಟ್ಟೆವು. ಬಿಲ ಮುಚ್ಚಿ, ಸಂದಿಗೆ ಗಾರೆ ಮೆತ್ತಿ, ಮೇಲೊಂದು ಚಪ್ಪಡಿ ಕೂರಿಸಿ, ನೀರು ಬೀಳಲು ಒಂದು ಕೊಳವೆ ಇಟ್ಟೆವು. ಆಮೇಲೆ ಬಾಟ್ಲಿ ತುಂಬಿಕೊಂಡು ಹೋಗಿ ವಾಡೆಯಲ್ಲಿ ಹುದುಗಿಸಿಟ್ಟೆ.

ಅಷ್ಟರಲ್ಲಿ ಊರೆಲ್ಲ ಇದೇ ಮಾತು. ಅದು ಹೇಗೆ ಹೋಗಲಿಲ್ಲ? ದಿನಾ ರಾತ್ರಿ ಅವಳ ಬೈಗುಳ ಕೇಳಿ ಕೇಳಿ ಅದಕ್ಕೆ ರೂಢಿಯಾಗಿತ್ತು ಅಂದರು ಕೆಲವರು. ಬೈದದ್ದು ಹೆಗ್ಗಣಕ್ಕೆ, ಬುಗ್ಗೆಗಲ್ಲ ಅಂದರು ಇನ್ನು ಕೆಲವರು. ಸಾಬ್‌ಜಾನ್ ಸಾಹೇಬರು ಎರಡೂ ಕಿವಿಯ ಹತ್ತಿ ತೆಗೆದು, "ನಲವತ್ತು ವರ್ಷದಿಂದ ಬೈಗುಳ ಕೇಳಿದೀನಮ್ಮ, ಅದು ಬೈದಿದ್ದಲ್ಲ" ಅಂದರು. ಠಾಣೆಯ ಪೊಲೀಸರು ಮಾತ್ರ, ನಾವೂ ಒಂದು ಸಲ ಗದರಿಸಿ ನೋಡಬಹುದಾ ಎಂದು ನನ್ನನ್ನು ಕೇಳಿ ಕಳಿಸಿದರು. ಸುಮ್ಮನಿರ್ರಪ್ಪ, ಇರೋದನ್ನ ಕಳ್ಕೋಬೇಡಿ ಎಂದು ಹೇಳಿ ಕಳಿಸಿದೆ.

ಬಾಟ್ಲಿ ಬಣ್ಣ ತಿರುಗಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಅದನ್ನು ಕೈಯಲ್ಲಿ ಎತ್ತಿ ಹಿಡಿದುಕೊಂಡೇ ಬೀದಿಯಲ್ಲಿ ನಡೆದುಹೋದೆ. ಒಳ್ಳೆಯ ಸುದ್ದಿಗೆ ಉಪ್ಪಿನ ಮನೆ ಬೇಕಿಲ್ಲವಲ್ಲ. ಮಂಚಮ್ಮ ಹಿತ್ತಲಲ್ಲೇ ನಿಂತಿದ್ದಳು.

"ಚೆನ್ನಾಗದೆ ಕಣಕ್ಕ ನೀರು. ಚಿನ್ನ, ಚಿನ್ನ!" ಅಂದೆ.

"ಈಗ ಬಂದ್ಯ? ಬೆಳಗಿಂದ ದಾರಿ ನೋಡಿ ನೋಡಿ ಕಣ್ಣು ಬಿದ್ದೋಯ್ತು. ಸೊಂಪಾಗಿ ಎಲೆಅಡಿಕೆ ಜಗ್ಕೊಂಡು ಬಂದವಳೆ ನೋಡು, ಯಾರದೋ ಮದುವೆ ಕರೆಯೋಕೆ ಬಂದೋಳಂಗೆ!" ಎಂದು ಬುಗ್ಗೆಯ ಮುಂದೆಯೇ ನನಗೆ ಮಂಗಳಾರತಿ ಎತ್ತಿದಳು. ಎಷ್ಟು ದಿನವಾಗಿತ್ತು ನೇರವಾಗಿ ಅವಳ ಬಾಯಿಂದ ಬೈಸಿಕೊಂಡು! ನನಗೆ ನಿಜವಾಗಿ ಸಂತೋಷವಾಯಿತು.

ಆದರೆ ಕಟ್ಟಿದ್ದ ನಾಲಿಗೆ ಪೂರ್ತಿ ಬಿಚ್ಚಿಕೊಂಡಿತ್ತು. ಪಾರಿಜಾತ ಕೊಡ ಹಿಡಿದು ಹೊರಗೆ ಬರುವುದೂ, ಮಂಚಮ್ಮ ಅವಳ ಕಡೆ ತಿರುಗುವುದೂ ಒಂದೇ ಆಯಿತು. "ಏನೇ, ಈ ಸ್ಥಿತೀಲಿ ಕೊಡ ಎತ್ತಕ್ಕೆ ಬಂದಿದ್ದೀಯ? ತಲೇಲಿ ಬುದ್ಧಿ ಅದೋ, ಸಗಣಿ..." ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಳು. ಮುಖ ಬಿಳಿಚಿಕೊಂಡಿತು. ಹಳೆಯ ಮಾತು, ಹಳೆಯ ದನಿ.

ಪಾರಿಜಾತ ಕೊಡವನ್ನು ಕೆಳಗಿಟ್ಟಳು. ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ. ಅತ್ತೆಯ ಎದುರಿಗೆ ನೇರವಾಗಿ ನಿಂತಳು. ಅವಳು ಅಷ್ಟು ಉದ್ದದ ಮಾತಾಡಿದ್ದನ್ನು ನಾನು ಮುಂಚೆ ಕೇಳಿರಲಿಲ್ಲ.

"ಅತ್ತೆ, ಬೈಗುಳನ ಬುಗ್ಗೆಗೆ ಇಟ್ಕೊಳ್ಳಿ. ಅದಕ್ಕೆ ಒಗ್ತದೆ, ನನಗೆ ಒಗ್ಗಲ್ಲ. ನಾನು ಈ ಮನೆಗೆ ವಾಪಸ್ಸು ಬಂದಾಗಿಂದ ದಿನಾ ಬೆಳಿಗ್ಗೆ ನೀವು ಡಬ್ಬಿ ತೆಗೆಯೋ ಸದ್ದು ಕೇಳ್ತಾ ಮಲಗಿರ್ತೀನಿ. ಅದಕ್ಕೆ ಒಂದು ಉಂಡೆ ಬೆಲ್ಲ ಕೊಟ್ಟು ತಪ್ಪಾಯ್ತು ಅಂತೀರಿ. ನನಗೆ ಒಂದು ದಿನ ಕೊಟ್ರಾ? ಇನ್ಮೇಲೆ ಆ ಬೆಲ್ಲ ನನಗೆ ಕೊಡಿ."

ನಾನು ಬಾಟ್ಲಿಯನ್ನು ಚೀಲಕ್ಕೆ ಹಾಕಿಕೊಂಡು, ಹೋಗಲೋ ನಿಲ್ಲಲೋ ತಿಳಿಯದೆ ನಿಂತೆ. ಮಂಚಮ್ಮ ಸರಸರ ಒಳಗೆ ಹೋಗಿ, ಉಂಡೆಯಲ್ಲ, ಬೆಲ್ಲದ ಡಬ್ಬಿಯನ್ನೇ ತಂದಳು. ಪಾರಿಜಾತಳನ್ನು ಮೆಟ್ಟಿಲ ಮೇಲೆ ಕೂರಿಸಿ, ಡಬ್ಬಿಯನ್ನು ಅವಳ ಮಡಿಲಲ್ಲಿಟ್ಟಳು. "ತಪ್ಪಾಯ್ತು ಕಣವ್ವ" ಅಂದಳು. ಎಚ್ಚರವಾಗಿದ್ದಾಗಲೇ ಅಂದಳು, ಹಗಲು ಹೊತ್ತಿನಲ್ಲಿ, ನನ್ನ ಮುಂದೆ.

ಪಾರಿಜಾತ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು. ಮಂಚಮ್ಮ ಕಣ್ಣೊರೆಸಿಕೊಂಡು, ಸೊಂಟಕ್ಕೆ ಸೆರಗು ಸಿಕ್ಕಿಸಿ, ಬುಗ್ಗೆಯ ಕಡೆ ತಿರುಗಿದಳು.

"ನೀನೇನೇ ನೋಡ್ತಾ ನಿಂತ್ಕೊಂಡೆ?" ಅಂದಳು. "ಹರಿ, ಹರಿ. ಕೊಡ ತುಂಬಬೇಕು."